ನನ್ನ ಲಿವರಿನ ಆರೂವರೆ

ಮೂವತ್ತಾರು ವರ್ಷ ಆಸ್ಪತ್ರೆಯ ಲ್ಯಾಬಿನಲ್ಲಿ ಬೇರೆಯವರ ರಕ್ತ ನೋಡಿಯೇ ಹೊಟ್ಟೆ ಹೊರೆದುಕೊಂಡವನು ನಾನು. ಸೊಳ್ಳೆಯೂ ಹೊಟ್ಟೆ ಹೊರೆಯುವುದು ರಕ್ತದಿಂದಲೇ. ಆದರೆ ಸೊಳ್ಳೆಗೆ ಪಿಂಚಣಿ ಇಲ್ಲ, ನನಗಿದೆ.

ಈಗಿನವರಿಗೆ ಹೇಳಿದರೆ ಮುಖ ಕಿವುಚುತ್ತಾರೆ. ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ರಕ್ತದ ಸೀರಮ್ಮನ್ನು ಗಾಜಿನ ಕೊಳವೆಗೆ ಬಾಯಿಂದಲೇ ಹೀರಿ ಅಳೆಯುತ್ತಿದ್ದೆವು. ಕೊಳವೆಯ ಮೇಲ್ತುದಿಗೆ ಚೂರು ಹತ್ತಿ ಸಿಕ್ಕಿಸಿಕೊಂಡರೆ ಅದೇ ದೊಡ್ಡ ರಕ್ಷಣೆ. ಹೀರುವಾಗ ಗಮನ ಅತ್ತಿತ್ತ ಹೋಯಿತೋ, ಗುರುತು ದಾಟಿ ಮೇಲೇರಿ ನಾಲಿಗೆಗೆ ತಾಗುತ್ತಿತ್ತು. ಉಪ್ಪುಪ್ಪು. ಉಗುಳಿ, ಬಾಯಿ ಮುಕ್ಕಳಿಸಿ, ಮತ್ತೆ ಹೀರುವುದು. ಬಾಯಿ ಮುಚ್ಚಿಕೊಂಡು ಕೆಲಸ ಮಾಡುವವರಿಗೆ ಅಪಾಯ ಕಡಿಮೆ ಇತ್ತು. ನಾನು ಯಾವತ್ತೂ ಬಾಯಿ ಮುಚ್ಚಿದವನಲ್ಲ.

ಒಂದು ದಿನ ಯಾರೋ ಪುಣ್ಯಾತ್ಮರು ಲ್ಯಾಬಿನವರ ರಕ್ತವನ್ನೂ ಪರೀಕ್ಷೆ ಮಾಡೋಣ ಅಂದರು. ನಾಲ್ಕು ಜನರಲ್ಲಿ ಹೆಪಟೈಟಿಸ್ ಬಿ ವೈರಸ್ ಸಿಕ್ಕಿತು. ಕಾಮಾಲೆ ಬಂದು ಹೋಗುವ ಬಗೆಯದಲ್ಲ. ಸದ್ದಿಲ್ಲದೆ ಒಳಗೆ ಬಿಡಾರ ಹೂಡಿ, ವರ್ಷಗಟ್ಟಲೆ ಲಿವರನ್ನು ಒಂದಿಷ್ಟಿಷ್ಟೇ ಗೀರುವ ಬಗೆಯದು. ಆ ನಾಲ್ವರಲ್ಲಿ ಒಬ್ಬ ಲಾರಿ ಗುದ್ದಿ ಹೋದ, ಇಬ್ಬರು ಲಿವರಿನಿಂದಲೇ ಹೋದರು. ಉಳಿದವನು ನಾನು. ಹೆಂಡತಿಗೂ ವೈರಸ್ಸಿಗೂ ಹೊಂದಿಕೊಂಡು ಬಾಳಿದೆ. ಹನ್ನೊಂದು ವರ್ಷದ ಹಿಂದೆ ಹೆಂಡತಿ ಹೃದಯ ನಿಂತು ಹೋದಳು. ಮಕ್ಕಳಾಗಿರಲಿಲ್ಲ. ಆಮೇಲೆ ಮನೆಯಲ್ಲಿ ನಾನು ಮತ್ತು ವೈರಸ್ಸು, ಇಬ್ಬರೇ.

ಮೇಲಂತಸ್ತಿನ ಎರಡು ಕೋಣೆ. ಕೆಳಗೆ ಯಾರದೋ ಗೋದಾಮು, ಯಾವಾಗಲೂ ಬೀಗ. ಟೀವಿಯಲ್ಲಿ ವಾರ್ತೆ ಓದುವವಳು ನಮಸ್ಕಾರ ಅಂದರೆ ನಾನೂ ನಮಸ್ಕಾರ ಅನ್ನುತ್ತಿದ್ದೆ. ಒಂದು ದಿನ ಅವಳಿಗೆ ನೆಗಡಿಯಾಗಿತ್ತು. ಬಿಸಿನೀರು ಕುಡಿಯಮ್ಮ ಅಂದೆ. ಅಂದ ಮೇಲೆ ನನಗೇ ಭಯವಾಯಿತು.

ನನಗೆ ಇರುವ ಒಬ್ಬನೇ ಒಡಹುಟ್ಟಿದವನೆಂದರೆ ತಮ್ಮ. ದರ್ಜಿ. ಬಸ್ಸಿನಲ್ಲಿ ನಾಲ್ಕು ಗಂಟೆ ದೂರದ ಊರಿನಲ್ಲಿ ಅವನ ಅಂಗಡಿ, ಅಂಗಡಿಯ ಹಿಂದೆಯೇ ವಾಸ. ಒಂಬತ್ತು ವರ್ಷ ಅವನು ನನ್ನ ಜೊತೆ ಮಾತು ಬಿಟ್ಟಿದ್ದ. ತಪ್ಪು ನನ್ನದೇ, ಸುತ್ತಿ ಬಳಸಿ ಹೇಳುವುದು ಬೇಡ. ಅವನ ಹೆಂಡತಿಗೆ ಸುಸ್ತು, ಮೈಮೇಲೆ ನೀಲಿ ಕಲೆ ಅಂತ ಇಬ್ಬರೂ ನಮ್ಮ ಆಸ್ಪತ್ರೆಗೆ ಬಂದಿದ್ದರು. ನಾನಾಗ ನಿವೃತ್ತನಾಗಿದ್ದರೂ ವಾರಕ್ಕೆರಡು ದಿನ ಲ್ಯಾಬಿಗೆ ಹೋಗಿ ಕೂರುತ್ತಿದ್ದೆ. ಅವಳ ರಕ್ತದ ಹನಿಯನ್ನು ನಾನೇ ಸ್ಲೈಡಿನ ಮೇಲೆ ಎಳೆದೆ, ನಾನೇ ಬಣ್ಣ ಹಾಕಿದೆ, ನಾನೇ ಮೈಕ್ರೋಸ್ಕೋಪಿನಲ್ಲಿ ನೋಡಿದೆ. ನೋಡಿದವನು ಎದ್ದು ಹೊರಗೆ ಬಂದೆ. ಹೊರಗೆ ಬೆಂಚಿನ ಮೇಲೆ ಅವಳು ಕಿತ್ತಳೆ ಸುಲಿಯುತ್ತಿದ್ದಳು. "ಏನಂತೆ ಭಾವ?" ಅಂದಳು. "ರಕ್ತದ ಕ್ಯಾನ್ಸರು ಕಣಮ್ಮ" ಅಂದೆ.

ಡಾಕ್ಟರು ಹೇಳುವವರೆಗೆ ತಡೆಯಬಹುದಿತ್ತು. ತಮ್ಮನನ್ನು ಆಚೆ ಕರೆದು ಹೇಳಬಹುದಿತ್ತು. ಕೂತುಕೊಂಡಾದರೂ ಹೇಳಬಹುದಿತ್ತು. ಸುಳ್ಳು ಹೇಳಲಿಲ್ಲವಲ್ಲ ಅಂತ ಆಗ ನನಗೆ ಒಳಗೊಳಗೇ ಹೆಮ್ಮೆ ಬೇರೆ. ಅವಳು ಆಮೇಲೆ ನಾಲ್ಕು ತಿಂಗಳು ಬದುಕಿದಳು. ಆ ನಾಲ್ಕು ತಿಂಗಳೂ ಗೋಡೆಗೆ ಮುಖ ಮಾಡಿಕೊಂಡೇ ಮಲಗಿದ್ದಳು. ಮಣ್ಣು ಮಾಡಿ ಬಂದ ದಿನ ತಮ್ಮ ನನ್ನ ಚಪ್ಪಲಿ ತಂದು ಬಾಗಿಲ ಹೊರಗಿಟ್ಟ. ನಾನು ಮೆಟ್ಟಿಕೊಂಡು ಬಂದೆ.

ಹೋದ ವರ್ಷ ನಾನೇ ನಮ್ಮ ಬೀದಿ ಕೊನೆಯ ಸಣ್ಣ ಲ್ಯಾಬಿನಲ್ಲಿ ರಕ್ತ ಕೊಟ್ಟೆ. ನಿವೃತ್ತನಾದ ಮೇಲೆ ಲಿವರಿನ ಕಡೆ ತಿರುಗಿಯೂ ನೋಡಿರಲಿಲ್ಲ. ಅವರು ಕೊಟ್ಟ ಕಾಗದ ಹಿಡಿದು ಆಸ್ಪತ್ರೆಯ ಲಿವರ್ ಡಾಕ್ಟರಮ್ಮನ ಮುಂದೆ ಕೂತೆ. ಆಕೆ ಫೋನಿನಲ್ಲಿ ಏನೋ ಒತ್ತಿದರು, ಮತ್ತೊಮ್ಮೆ ಒತ್ತಿದರು.

"ಯಜಮಾನ್ರೇ, ನಿಮ್ಮ ಲೆಕ್ಕ ಆರೂವರೆ ಬರ್ತಿದೆ."

ಅದೇನು ಲೆಕ್ಕ ಅಂತ ಹೇಳಿಬಿಡುತ್ತೇನೆ, ಕಷ್ಟದ್ದೇನಲ್ಲ. ಲಿವರಿಗೆ ಗಾಯವಾಗಿ ವಾಸಿಯಾಗಿ, ಗಾಯವಾಗಿ ವಾಸಿಯಾಗಿ, ಕೊನೆಗೆ ಹಳೆಯ ಹೊಲಿಗೆಯ ಹಾಗೆ ಕಲೆ ಕಟ್ಟುತ್ತದೆ. ಹಿಂದೆ ಅದನ್ನು ತಿಳಿಯಬೇಕಾದರೆ ಪಕ್ಕೆಗೆ ದಪ್ಪ ಸೂಜಿ ಚುಚ್ಚಿ ಲಿವರಿನ ಚೂರು ತೆಗೆಯಬೇಕಿತ್ತು. ಈಗ ಮೊದಲು ರಕ್ತದಲ್ಲೇ ಅಂದಾಜು ಮಾಡುತ್ತಾರೆ. ಲಿವರ್ ನೊಂದಾಗ ರಕ್ತಕ್ಕೆ ಸೋರುವ ಎರಡು ಎನ್‌ಜೈಮು ಇವೆ. ವಯಸ್ಸನ್ನು ಮೊದಲನೆಯದರಿಂದ ಗುಣಿಸಬೇಕು. ಬಂದದ್ದನ್ನು ಎಷ್ಟು ಸಾವಿರ ಪ್ಲೇಟ್ಲೆಟ್ ಇದೆಯೋ ಆ ಎಣಿಕೆಯಿಂದ ಭಾಗಿಸಬೇಕು, ಆಮೇಲೆ ಎರಡನೆಯದರ ವರ್ಗಮೂಲದಿಂದ ಭಾಗಿಸಬೇಕು. ಕಲೆ ಹೆಚ್ಚಾದ ಹಾಗೆ ಪ್ಲೇಟ್ಲೆಟ್ ಇಳಿಯುತ್ತದೆ, ಲೆಕ್ಕ ಏರುತ್ತದೆ. ನನಗಾಗ ಎಪ್ಪತ್ತೊಂದು. ಎನ್‌ಜೈಮು ಮೂವತ್ತನಾಲ್ಕು, ಮೂವತ್ತಾರು. ಎರಡೂ ಸಾಧುಗಳು. ಪ್ಲೇಟ್ಲೆಟ್ ಅರವತ್ತೆರಡು ಸಾವಿರ. ಒಂದೂವರೆ ಲಕ್ಷವಾದರೂ ಇರಬೇಕಾದ್ದು.

"ನಿಮ್ಮ ವಯಸ್ಸಿಗೆ ಎರಡರ ಒಳಗಿದ್ರೆ ಚಿಂತೆ ಇಲ್ಲ. ಮೂರೂಕಾಲು ದಾಟಿದ್ರೆ ಲಿವರ್ ಗಟ್ಟಿಯಾಗಿರೋ ಸಾಧ್ಯತೆ ಜಾಸ್ತಿ" ಅಂದರು ಡಾಕ್ಟರಮ್ಮ. ಮಲಗಿಸಿ ಹೊಟ್ಟೆ ಒತ್ತಿದರು. "ಗುಲ್ಮ ಊದಿಲ್ಲ, ಕೈಗೆ ಸಿಗ್ತಿಲ್ಲ, ಅದು ಒಳ್ಳೇದೇ. ಇದು ಬರೀ ಅಂದಾಜು, ತೀರ್ಪಲ್ಲ. ಲಿವರ್ ಎಷ್ಟು ಗಟ್ಟಿಯಾಗಿದೆ ಅಂತ ಅಳೆಯೋ ಯಂತ್ರ ಇದೆ, ಅದಕ್ಕೆ ಏಳು ವಾರ ಸರದಿ. ಎರಡು ವಾರ ಬಿಟ್ಟು ಇಲ್ಲೇ ಇನ್ನೊಂದ್ಸಲ ರಕ್ತ ಕೊಡಿ. ಅಲ್ಲೀವರೆಗೆ ಉಪ್ಪು ಕಮ್ಮಿ ಮಾಡಿ. ಜೊತೆಗೆ ಯಾರಿದಾರೆ?"

"ಇದಾರೆ" ಅಂದೆ.

ಹೊರಗೆ ಬಂದು ಅಲ್ಲೇ ಮೆಟ್ಟಿಲ ಮೇಲೆ ನಿಂತು ತಮ್ಮನಿಗೆ ಫೋನ್ ಮಾಡಿದೆ. ಒಂಬತ್ತು ವರ್ಷ ಬಾಯಿಗೆ ಬಾರದ ನಂಬರು ಬೆರಳಿಗೆ ನೆನಪಿತ್ತು.

"ಯಾರು?" ಅಂದ.

"ನಾನು."

"ನಾನು ಅಂದ್ರೆ?"

"ನಾನು ಅಂದ್ರೆ ನಾನೇ ಕಣೋ. ಎಷ್ಟು ಜನ ಅಣ್ಣಂದಿರು ನಿನಗೆ? ನನ್ನ ಲಿವರ್ ಕೆಟ್ಟಿದೆಯಂತೆ."

ಆ ಕಡೆ ಕತ್ತರಿ ಮೇಜಿನ ಮೇಲಿಟ್ಟ ಸದ್ದು. "ಎಷ್ಟು ಕೆಟ್ಟಿದೆ?"

"ಆರೂವರೆ."

"ಎಷ್ಟಕ್ಕೆ ಆರೂವರೆ?"

"ಇದು ಪರೀಕ್ಷೆ ಮಾರ್ಕಲ್ಲ ಮಾರಾಯ. ಮೂರೂಕಾಲಿಗೇ ಮುಗೀತು ಅಂತಾರೆ."

"ನಾಳೆ ಬರ್ತೀನಿ" ಅಂದು ಇಟ್ಟುಬಿಟ್ಟ.

ಬಂದ. ಕೂದಲೆಲ್ಲ ಬೆಳ್ಳಗಾಗಿತ್ತು. ಬಾಗಿಲಲ್ಲಿ ನಿಂತು ನನ್ನನ್ನು ಮೇಲಿಂದ ಕೆಳಕ್ಕೆ ನೋಡಿ, "ಭುಜ ಒಂದಿಂಚು ಇಳಿದಿದೆ" ಅಂದ. ಒಂಬತ್ತು ವರ್ಷದ ಮೇಲೆ ಎದುರಿಗೆ ನಿಂತು ಅವನಾಡಿದ ಮೊದಲ ಮಾತು. ಒಳಗೆ ಬಂದವನೇ ಅಡುಗೆಮನೆಗೆ ಹೋಗಿ ಉಪ್ಪಿನ ಡಬ್ಬಿಯನ್ನು ಅಟ್ಟಕ್ಕೆ ಏರಿಸಿದ.

ಆ ದಿನಗಳನ್ನು ಏನಂತ ಹೇಳಲಿ! ಉಪ್ಪಿಲ್ಲದ ಅಡುಗೆಯನ್ನು ನನಗಾಗಿ ಅವನೂ ತಿಂದ. ಒಂದೊಂದು ತುತ್ತಿಗೂ ಬೈದುಕೊಂಡೇ ತಿಂದ. "ಅಣ್ಣ, ಇದನ್ನ ತಿಂದು ನೂರು ವರ್ಷ ಬದುಕೋದಕ್ಕಿಂತ..." ಅನ್ನುತ್ತಾ ಅರ್ಧಕ್ಕೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ನನ್ನ ಮಾತ್ರೆಗಳನ್ನು ಅಂಗಿಗುಂಡಿಯ ಡಬ್ಬಿಯಲ್ಲಿ ಸೋಮವಾರ, ಮಂಗಳವಾರ ಅಂತ ಜೋಡಿಸಿಟ್ಟ. ಗಡ್ಡದ ಬ್ಲೇಡು ಬೇರೆ ಬೇರೆ ಇರಲಿ ಅಂತ ನಾನೇ ಹೇಳಿಕೊಟ್ಟೆ. ತಟ್ಟೆ ಲೋಟದಿಂದ ಬರುವ ರೋಗವಲ್ಲ ಅಂದಾಗ, "ಬರ್ಲಿ ಬಿಡು, ನನಗಿನ್ಯಾವ ಮದುವೆ ಆಗ್ಬೇಕು" ಅಂದ. ಸಂಜೆ ಇಬ್ಬರೂ ಕಿಟಕಿಯ ಹತ್ತಿರ ಕೂತು, ಬೀದಿಯಲ್ಲಿ ಹೋಗುವವರ ಅಂಗಿಯ ಹೊಲಿಗೆಯ ತಪ್ಪು ಹುಡುಕುತ್ತಿದ್ದೆವು. ಅವನು ಹುಡುಕುವುದು, ನಾನು ನಗುವುದು. ಟೀವಿಯವಳ ನಮಸ್ಕಾರಕ್ಕೆ ಉತ್ತರ ಕೊಡುವುದು ನನಗೇ ಗೊತ್ತಿಲ್ಲದೆ ನಿಂತುಹೋಗಿತ್ತು.

ಅವನ ಹೆಂಡತಿಯ ಸುದ್ದಿ ಅವನು ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಒಂದು ದಿನ ಬಟ್ಟೆ ಹಿಂಡುತ್ತಾ ಅಂದ: "ಅಂಗಡಿ ಬಿಟ್ಟುಬಿಡ್ತೀನಿ ಅಣ್ಣ. ಈ ತಿಂಗಳ ಕೊನೆಗೆ ಕೀಲಿ ಕೊಡ್ತೀನಿ ಅಂತ ಮಾಲೀಕರಿಗೆ ಹೇಳಾಯ್ತು. ಬೇರೆಯವನು ಕಾಯ್ತಿದಾನೆ."

"ಇಪ್ಪತ್ತೆಂಟು ವರ್ಷದ ಅಂಗಡಿ ಕಣೋ."

"ಅಲ್ಲಿ ಕೂತು ಹೊಲೀತಾ ಇರ್ಲಾ? ಇಲ್ಲಿ ನೀನು ಒಬ್ಬನೇ..." ಅಂಗಿಯನ್ನು ಜೋರಾಗಿ ಕೊಡವಿದ, ಮುಂದಿನ ಮಾತು ನೀರಿನ ಜೊತೆ ಹಾರಿಹೋಯಿತು.

ಎರಡು ವಾರವಾಯಿತು. ರಕ್ತ ಕೊಡಲು ನನ್ನ ಹಳೆಯ ಲ್ಯಾಬಿಗೆ ಹೋದೆ. ತಮ್ಮ ಬರುತ್ತೇನೆ ಅಂದರೂ ಬೇಡ ಅಂದೆ. ಆ ಬೆಂಚು ಇನ್ನೂ ಅಲ್ಲೇ ಇದೆ, ಅದಕ್ಕೆ.

ಲ್ಯಾಬಿಗೆ ಈಗ ಮುಖ್ಯಸ್ಥೆ ನನ್ನ ಕೈಕೆಳಗೆ ಕೆಲಸ ಕಲಿತವಳು. ಕನ್ನಡಕ ಅಂತ ನಾವು ಕರೆಯುತ್ತಿದ್ದೆವು, ಅವಳ ಕನ್ನಡಕ ಅಷ್ಟು ದಪ್ಪ. ಅವಳೂ ನಮ್ಮ ಲ್ಯಾಬಿನ ಉಳಿದವರೂ ನನಗೆ ಇಟ್ಟಿದ್ದ ಹೆಸರು ಸ್ಲೈಡ್ ಮೇಷ್ಟ್ರು. ರಕ್ತ ತೆಗೆದುಕೊಂಡು ಹೋದವಳು ಮುಕ್ಕಾಲು ಗಂಟೆಗೆ ಸೊಂಟದ ಮೇಲೆ ಕೈ ಇಟ್ಟುಕೊಂಡು ಬಂದಳು.

"ಸಾರ್, ಒಳಗೆ ಬನ್ನಿ. ನೀವೇ ನೋಡಿ."

ನನ್ನ ಹಳೆಯ ಸ್ಟೂಲಿನ ಮೇಲೆ ಕೂತೆ. ಮೈಕ್ರೋಸ್ಕೋಪ್ ಹೊಸದು, ರಕ್ತ ಹಳೆಯದು. ಗಾಜಿನ ಅಂಚಿನಲ್ಲಿ ಪ್ಲೇಟ್ಲೆಟ್ಟುಗಳು ಬೀದಿ ಜಗಳ ನೋಡಲು ನಿಂತವರ ಹಾಗೆ ಗುಂಪುಗುಂಪಾಗಿ ಒತ್ತಿಕೊಂಡು ನಿಂತಿದ್ದವು. ಹತ್ತು, ಇಪ್ಪತ್ತು, ಮೂವತ್ತು ಒಂದೇ ಉಂಡೆ.

ಇದು ನಮ್ಮ ಕೆಲಸದವರಿಗೆ ಗೊತ್ತಿರುವ ಹಳೇ ಮೋಸ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಅಂತ ಒಂದು ಮದ್ದು ಇರುತ್ತದೆ. ಸಾವಿರದಲ್ಲಿ ಒಬ್ಬಿಬ್ಬರ ರಕ್ತಕ್ಕೆ ಆ ಮದ್ದು ಆಗಿಬರುವುದಿಲ್ಲ. ಪ್ಲೇಟ್ಲೆಟ್ಟುಗಳು ಟ್ಯೂಬಿನೊಳಗೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎಣಿಸುವ ಯಂತ್ರಕ್ಕೆ ಉಂಡೆ ತಿಳಿಯದು, ಪ್ಲೇಟ್ಲೆಟ್ಟೇ ಕಡಿಮೆ ಅಂದುಬಿಡುತ್ತದೆ. ಮೈಯೊಳಗೆ ಎಲ್ಲ ಸರಿಯಾಗಿಯೇ ಇರುತ್ತದೆ.

"ನೀಲಿ ಮುಚ್ಚಳದ ಟ್ಯೂಬಲ್ಲಿ ಇನ್ನೊಂದು ತೆಗ್ದಿದ್ನಲ್ಲ, ಅದ್ರಲ್ಲಿ ಮದ್ದು ಬೇರೆ, ಅದನ್ನ ಹಾಕ್ದೆ" ಅಂದಳು ಕನ್ನಡಕ. "ನೂರಾ ತೊಂಬತ್ತೊಂದು. ಟ್ಯೂಬಿನ ದ್ರವದಲ್ಲಿ ರಕ್ತ ತೆಳುವಾಗಿದ್ದಕ್ಕೆ ಹತ್ತರಲ್ಲೊಂದು ಸೇರಿಸಿದ್ರೆ ಇನ್ನೂರ ಹತ್ತು ಸಾವಿರ. ಎನ್‌ಜೈಮು ಅವೇ. ಲೆಕ್ಕ ಹಾಕಿ."

ಮನಸ್ಸಿನಲ್ಲೇ ಹಾಕಿದೆ. ಒಂದು ಪಾಯಿಂಟ್ ಒಂಬತ್ತು. ಎರಡರ ಒಳಗೆ.

"ಸಾರ್, ಪ್ಲೇಟ್ಲೆಟ್ ನೂರು ಸಾವಿರಕ್ಕಿಂತ ಕಮ್ಮಿ ಬಂದ್ರೆ ಸ್ಲೈಡ್ ನೋಡದೆ ಕಾಗದ ಆಚೆ ಬಿಡಬಾರದು ಅಂತ ನನ್ನ ತಲೆ ಮೇಲೆ ಮೊಟಕಿ ಹೇಳಿದ್ದು ನೀವೇ. ಆ ಬೀದಿ ಲ್ಯಾಬಿನವ್ರಿಗೆ ಸ್ಲೈಡ್ ತೋರ್ಸಿ ಅಂತ ನೀವ್ಯಾಕೆ ಕೇಳ್ಲಿಲ್ಲ?"

"ಮರೆತೆ."

"ನೀವು? ಮರೆತ್ರಾ?"

ಅವಳು ಆ ದಪ್ಪ ಕನ್ನಡಕದೊಳಗಿಂದ ನನ್ನನ್ನೇ ನೋಡಿದಳು. ಆಮೇಲೆ ಚಹಾ ತರಿಸಿದಳು.

ಮರೆತಿರಲಿಲ್ಲ. ಅರವತ್ತೆರಡು ಸಾವಿರ ಅನ್ನುವ ಅಂಕಿ ಕಂಡ ಕೂಡಲೇ ನನ್ನೊಳಗಿನ ಮೇಷ್ಟ್ರು ಸ್ಲೈಡ್ ಎಲ್ಲಿ ಅಂತ ಕೇಳಿದ್ದ. ಎನ್‌ಜೈಮು ನೆಟ್ಟಗಿದೆ, ಗುಲ್ಮ ಊದಿಲ್ಲ, ಹಲ್ಲುಜ್ಜಿದರೆ ರಕ್ತವಿಲ್ಲ, ಮೈಮೇಲೆ ಕಲೆ ಇಲ್ಲ. ಹೊಸದಾಗಿ ಸೇರಿದವನಿಗೂ ಅನುಮಾನ ಬರಬೇಕು. ನನಗೂ ಬಂದಿತ್ತು. ಬಂದ ಅನುಮಾನವನ್ನು ಬಾಯಿ ಮುಚ್ಚಿಸಿ ಕೂರಿಸಿ, ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ತಮ್ಮನಿಗೆ ಫೋನ್ ಮಾಡಿದ್ದೆ. ಒಂಬತ್ತು ವರ್ಷದಲ್ಲಿ ಅವನನ್ನು ಕರೆಯಲು ನನಗೆ ಸಿಕ್ಕಿದ್ದು ಆ ಒಂದೇ ನೆಪ. ಸ್ಲೈಡ್ ನೋಡಿದ್ದರೆ ಅದೂ ಹೋಗುತ್ತಿತ್ತು.

ಕನ್ನಡಕ ಕೊಟ್ಟ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಒಳಜೇಬಿಗೆ ಹಾಕಿಕೊಂಡು ಮನೆಗೆ ಬಂದೆ.

"ಏನಂದ್ರು?" ಅಂದ ತಮ್ಮ.

"ವಾರ ಆಗತ್ತಂತೆ."

ಜೀವಮಾನದಲ್ಲಿ ನಾನು ಹೇಳಿದ ಸುಳ್ಳುಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಇದು ಎಷ್ಟು ಸಲೀಸಾಗಿ ಬಂತೆಂದರೆ, ಇಷ್ಟು ದಿನ ಸುಮ್ಮನೆ ನಿಜ ಹೇಳಿಕೊಂಡು ಕಷ್ಟಪಟ್ಟೆನಲ್ಲ ಅನ್ನಿಸಿತು.

ಎಂಟು ದಿನ. ದಿನಾ ಬೆಳಿಗ್ಗೆ ಇವತ್ತು ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವನು ಬಿಸಿನೀರು ಕಾಯಿಸಿ ಕರೆಯುತ್ತಿದ್ದ, ನಾಳೆ ಹೇಳೋಣ ಅನ್ನಿಸುತ್ತಿತ್ತು. ಸಪ್ಪೆ ಊಟವನ್ನು ಅರ್ಧಕ್ಕೇ ಬಿಟ್ಟು ಏಳುತ್ತಿದ್ದೆ. ಅಣ್ಣ ಊಟ ಬಿಡುತ್ತಿದ್ದಾನೆ ಅಂತ ಅವನು ಇನ್ನೂ ಕಂಗಾಲಾದ. ಮೆಟ್ಟಿಲು ಹತ್ತುವಾಗ ನನ್ನ ಬೆನ್ನಿಗೆ ಅಂಗೈ ಕೊಡುತ್ತಿದ್ದ. ನನಗೆ ಬೇಕಿರಲಿಲ್ಲ. ಆದರೂ ನಿಧಾನಕ್ಕೇ ಹತ್ತುತ್ತಿದ್ದೆ. ಇದಕ್ಕಿಂತ ನಾಚಿಕೆಗೇಡಿನ ಕೆಲಸ ನಾನು ಮಾಡಿಲ್ಲ. ಅಷ್ಟು ಸುಖವೂ ಪಟ್ಟಿಲ್ಲ.

ಎಂಟನೆಯ ದಿನ ಮಧ್ಯಾಹ್ನ ಅವನು ಕೈಚೀಲಕ್ಕೆ ಬಟ್ಟೆ ತುಂಬುತ್ತಿದ್ದ.

"ನಾಳೆ ಬೆಳಿಗ್ಗೆ ಬಸ್ಸಿಗೆ ಹೋಗಿ ಕೀಲಿ ಕೊಟ್ಟು, ಮೆಷಿನ್ ಎರಡನ್ನೂ ಆ ಹೊಸಬನಿಗೇ ಕೊಟ್ಟುಬಿಟ್ಟು ಬರ್ತೀನಿ. ಎರಡು ದಿನ ಅಷ್ಟೆ. ಮಾತ್ರೆ ಡಬ್ಬಿ ಇಲ್ಲಿದೆ. ಉಪ್ಪಿನ ಡಬ್ಬಿ ಇಳಿಸಿದ್ರೆ ನನಗೆ ಗೊತ್ತಾಗತ್ತೆ, ಗುರುತು ಇಟ್ಟಿದೀನಿ."

ಮೆಷಿನ್ ಕೊಟ್ಟುಬಿಡುವ ಮಾತು ಕೇಳಿದ ಮೇಲೆ ನನ್ನಿಂದ ಆಗಲಿಲ್ಲ. ಕಾಗದವನ್ನು ತೆಗೆದು ಅವನ ಬಟ್ಟೆಯ ಮೇಲಿಟ್ಟೆ.

"ಏನಿದು?"

"ನನಗೇನೂ ಆಗಿಲ್ಲ. ಯಂತ್ರ ತಪ್ಪು ಎಣಿಸಿದ್ದು. ಪ್ಲೇಟ್ಲೆಟ್ ಸರಿ ಇದೆ. ಆರೂವರೆ ಅಲ್ಲ, ಒಂದು ಪಾಯಿಂಟ್ ಒಂಬತ್ತು."

ಅವನ ಮುಖ ಬೆಳಗಿದ್ದನ್ನು ನಾನು ನೋಡಿದೆ, ಸುಳ್ಳು ಹೇಳುವುದಿಲ್ಲ. ಎರಡೂ ಕೈಯಲ್ಲಿ ಕಾಗದ ಹಿಡಿದು, "ಅಯ್ಯೋ, ಥೂ ನಿನ್ನ! ಮೊದಲೇ ಹೇಳ್ಬಾರ್ದಾ! ನೀನು ನಮ್ಮೆಲ್ಲರನ್ನೂ ಮಣ್ಣು ಮಾಡೇ ಹೋಗೋನು" ಅಂತ ನಕ್ಕ. ನಗುತ್ತಲೇ ಕಾಗದದ ಮೇಲ್ಗಡೆ ಕಣ್ಣಾಡಿಸಿದ. ದರ್ಜಿಗೆ ತಾರೀಖು ಮೊದಲು ಕಾಣುತ್ತದೆ, ಅವನ ಕಸುಬೇ ಹಾಗೆ, ಇಂತಿಂಥ ದಿನ ಕೊಡಬೇಕು ಅಂತ.

ನಗು ನಿಂತಿತು.

"ಇದು ಹೋದ ವಾರದ್ದು."

"ಹೂಂ."

"ಎಂಟು ದಿನ ಆಯ್ತು."

"ಹೂಂ ಕಣೋ. ನೀನು ಹೊರಟುಹೋಗ್ತೀಯ ಅಂತ..."

ಕಾಗದವನ್ನು ಅದೇ ಮಡಿಕೆಗಳಲ್ಲಿ ಮಡಿಸಿದ. ಬಹಳ ಹೊತ್ತು ಮಡಿಸಿದ.

"ಅವಳ ಸ್ಲೈಡ್ ನೋಡಿ ನೀನು ಎಂಟು ನಿಮಿಷ ತಡೀಲಿಲ್ಲ ಅಣ್ಣ" ಅಂದ. ಜೋರಾಗಿ ಅನ್ನಲಿಲ್ಲ. "ಕೈಯಲ್ಲಿ ಹಣ್ಣಿತ್ತು ಅವಳ್ದು. ತಿನ್ನೋವರೆಗೂ ತಡೀಲಿಲ್ಲ. ನಿಜ ಹೇಳೋದು ನನ್ನ ಸ್ವಭಾವ, ಏನು ಮಾಡ್ಲಿ ಅಂತ ನೀನು ಅಂದೆ ಆಮೇಲೆ. ನಾನೂ ಹೌದೇನೋ, ಇವನಿಗೆ ತಡೆಯೋಕೆ ಬರಲ್ವೇನೋ ಅಂತ ಒಂಬತ್ತು ವರ್ಷ ಸಮಾಧಾನ ಮಾಡ್ಕೊಂಡೆ. ತಡೆಯೋಕೆ ಬರತ್ತೆ ನಿನಗೆ. ಚೆನ್ನಾಗೇ ಬರತ್ತೆ."

ಚೀಲದಿಂದ ಜಾರಿದ್ದ ಅವನ ಅಂಗಿಯನ್ನು ಎತ್ತಿ ಮಡಿಸಿದೆ. ಅವನು ಅದನ್ನು ಇಸಿದುಕೊಂಡು ಬಿಚ್ಚಿ ಮತ್ತೆ ಮಡಿಸಿದ.

ಅವನು ಮಾಲೀಕರಿಗೆ ಫೋನ್ ಮಾಡಿ ಅಂಗಡಿ ಬಿಡುವುದಿಲ್ಲ ಅಂದ. ಆ ಕಡೆಯವರು ಏನೇನೋ ಅಂದರು, ಇವನು ತಪ್ಪಾಯ್ತು ತಪ್ಪಾಯ್ತು ಅಂತ ನಾಲ್ಕು ಸಲ ಅಂದ. ಊಟದ ತಟ್ಟೆಗಳನ್ನು ತೊಳೆದಿಟ್ಟ. ನನ್ನದನ್ನೂ ತೊಳೆದ.

"ಇನ್ನೆರಡು ದಿನ ಇದ್ದು ಹೋಗು" ಅಂದೆ.

"ಯಾಕೆ?" ಅಂದ. "ನಿನಗೇನಾಗಿದೆ?"

ಮೂರು ಗಂಟೆಯ ಬಸ್ಸಿಗೆ ಹೋದ. ಅವನು ಮೆಟ್ಟಿಲಿಳಿಯುವಾಗ ಕೆಳಗೆ ಗೋದಾಮಿನವನು ಯಾವತ್ತೂ ಇಲ್ಲದೆ ಅವತ್ತೇ ಬೀಗ ತೆಗೆದು ಏನೋ ಪೆಟ್ಟಿಗೆ ಎಳೆಯುತ್ತಿದ್ದ. ಹೆಜ್ಜೆಯ ಸದ್ದು ಕೂಡ ನನಗೆ ಪೂರ್ತಿ ಕೇಳಲಿಲ್ಲ.

ಡಾಕ್ಟರಮ್ಮನಿಗೆ ಹೊಸ ಲೆಕ್ಕ ತೋರಿಸಿದೆ. ಒಳ್ಳೆಯದಾಯಿತು, ಆದರೂ ಸರದಿ ಸಿಕ್ಕಿದೆಯಲ್ಲ, ಅಳೆದೇ ಬಿಡೋಣ ಅಂದರು. ಸರದಿಯ ದಿನ ಮೂರು ತಾಸು ಏನೂ ತಿನ್ನದೆ ಹೋಗಬೇಕಿತ್ತು. ಹೋಗಿ ಸಾಲಿನಲ್ಲಿ ಕೂತೆ. ನನ್ನ ಎಡಗಡೆಯವರಿಗೆ ಮಗಳಿದ್ದಳು, ಬಲಗಡೆಯವರಿಗೆ ಹೆಂಡತಿ, ಹೆಂಡತಿಯ ತಂಗಿ, ಒಂದು ಬುಟ್ಟಿ. ನನ್ನನ್ನು ಮಲಗಿಸಿ, ಬಲಗೈ ತಲೆಯ ಹಿಂದಕ್ಕೆ ಹಾಕಿಸಿ, ಪಕ್ಕೆಲುಬುಗಳ ನಡುವೆ ತಣ್ಣಗಿನ ಅಂಟು ಹಚ್ಚಿ, ಸಣ್ಣ ಸುತ್ತಿಗೆಯಲ್ಲಿ ತಟ್ಟಿದ ಹಾಗೆ ಹತ್ತು ಸಲ ತಟ್ಟಿದರು. ಯಾರೋ ಬಾಗಿಲು ತಟ್ಟುತ್ತಿದ್ದಾರೆ ಅನ್ನಿಸುತ್ತಿತ್ತು. ಹೊರಗೆ ಬಂದು ಮತ್ತೆ ಕೂತೆ. ಸ್ವಲ್ಪ ಹೊತ್ತಿಗೆ ನರ್ಸಮ್ಮ ಕಾಗದ ಹಿಡಿದು ಬಾಗಿಲಿಗೆ ಬಂದರು.

"ಈ ಪೇಷಂಟಿನ ಕಡೆಯವರು ಯಾರು?"

"ನಾನೇ" ಅಂದೆ.

"ನೀವು ಪೇಷಂಟು. ನಿಮ್ಮ ಕಡೆಯವರು?"

"ಅದೂ ನಾನೇ ಕಣಮ್ಮ. ಕೊಡಿ."

ಐದು ಪಾಯಿಂಟ್ ನಾಲ್ಕು. ಈ ಯಂತ್ರದ ಅಳತೆಯೇ ಬೇರೆ, ಏಳರ ಒಳಗಿದ್ದರೆ ಲಿವರ್ ಮೆತ್ತಗಿದೆ, ಕಲೆ ಇಲ್ಲವೆಂದೇ ಹೇಳಬೇಕು. ವರ್ಷಕ್ಕೊಮ್ಮೆ ಬಂದರೆ ಸಾಕು. "ಮನೆಗೆ ಫೋನ್ ಮಾಡಿ ಹೇಳಿ, ಖುಷಿ ಪಡ್ತಾರೆ" ಅಂದರು ನರ್ಸಮ್ಮ.

ತಮ್ಮನಿಗೆ ಮಾಡಿದೆ. ಎತ್ತುವುದಿಲ್ಲ ಅಂದುಕೊಂಡಿದ್ದೆ, ಎತ್ತಿದ.

"ಐದು ಪಾಯಿಂಟ್ ನಾಲ್ಕು" ಅಂದೆ. "ಒಳ್ಳೇದು ಅದು. ಈಗಷ್ಟೇ ಗೊತ್ತಾಯ್ತು. ಕಾಗದ ಇನ್ನೂ ಬಿಸಿಯಾಗಿದೆ."

"ಸರಿ" ಅಂದ.

"ಅಂಗಡಿ ಹೇಗಿದೆ?"

"ಇದೆ."

ಆ ಕಡೆ ಗಿರಾಕಿ ಹೆಂಗಸೊಬ್ಬಳು ಯಾರದು ಅಂತ ಕೇಳಿದ್ದು ಕೇಳಿಸಿತು. "ನಮ್ಮಣ್ಣ" ಅಂದ ಅವನು, ಅವಳಿಗೆ. "ಏನಿಲ್ಲ, ಹುಷಾರಾಗೇ ಇದಾನೆ." ಆಮೇಲೆ ನನಗೆ, "ಇಡ್ತೀನಿ, ಕೆಲಸ ಇದೆ."

ಇಟ್ಟ. ಸಾಲಿನ ಕುರ್ಚಿಗಳು ಒಂದೊಂದೇ ಖಾಲಿಯಾದವು. ಮಗಳಿದ್ದವರು ಹೋದರು, ಬುಟ್ಟಿಯವರು ಹೋದರು. ನೆಲ ಒರೆಸುವವಳು ಬಂದು, ಕಾಲೆತ್ತಿ ಅಜ್ಜ ಅಂದಳು. ಎತ್ತಿದೆ. ಒರೆಸಿಕೊಂಡು ಮುಂದೆ ಹೋದಳು. ನಾನು ಸ್ವಲ್ಪ ಹೊತ್ತು ಹಾಗೇ ಕಾಲೆತ್ತಿಕೊಂಡೇ ಕೂತಿದ್ದೆ, ನೆಲ ಒಣಗುವವರೆಗೆ.